ವೀಡಿಯೊ ಗೇಮ್‌ಗಳ ಬಿಡುಗಡೆ ಪೂರ್ವ ಗೋಪ್ಯತೆ: ಕಾರಣ, ಕ್ರಮ ಮತ್ತು ಕಾನೂನು

ಪೀಠಿಕೆ

ಕೊಪ್ಪಳ ನಗರಕ್ಕೆ ಹೊಂದಿಕೊಂಡಿರುವ ಭಾಗ್ಯನಗರವು ನೇಕಾರಿಕೆಗೆ ಹೆಸರಾದ ಪಟ್ಟಣ. ಸೀರೆಯ ಅಂಚಿಗೆ ಅಥವಾ ಸೆರಗಿಗೆ ಹೊಸದೊಂದು ವಿನ್ಯಾಸವನ್ನು ಕಲ್ಪಿಸಿ, ಮಗ್ಗಕ್ಕೆ ಹೊಂದಿಸಿ, ಮಾದರಿ ನೇಯ್ದು ನೋಡುವುದಕ್ಕೆ ಬಹಳ ಶ್ರಮ ಬೇಕು. ಸಿದ್ಧವಾದ ವಿನ್ಯಾಸವನ್ನು ಕಂಡು ನಕಲು ಮಾಡುವುದಕ್ಕೆ ಅಷ್ಟು ಶ್ರಮ ಬೇಕಿಲ್ಲ. ಆದುದರಿಂದ ಹೊಸ ಮಾದರಿಯು ಮಾರುಕಟ್ಟೆಗೆ ಬರುವವರೆಗೆ ಅದನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಕಾಯ್ದುಕೊಳ್ಳುವುದು ಸಹಜವಾದ ಎಚ್ಚರಿಕೆ.

ಇದೇ ಎಚ್ಚರಿಕೆಯು ಇಂದು ವೀಡಿಯೊ ಗೇಮ್ ಉದ್ಯಮದಲ್ಲಿ ಅತ್ಯಂತ ಕಟ್ಟುನಿಟ್ಟಾದ ರೂಪವನ್ನು ಪಡೆದಿದೆ. ಒಂದು ದೊಡ್ಡ ಗೇಮ್ ಸಿದ್ಧವಾಗಲು ನೂರಾರು, ಕೆಲವೊಮ್ಮೆ ಸಾವಿರಾರು ಜನರ ಹಲವು ವರ್ಷಗಳ ದುಡಿಮೆ ಬೇಕಾಗುತ್ತದೆ. ಇಂತಹ ಕೆಲಸದ ಒಂದು ಭಾಗ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರದಲ್ಲಿ ಉದ್ಯೋಗ ಬಯಸುವ ಯುವಜನರು ಕೆಲಸಕ್ಕೆ ಸೇರುವ ಮೊದಲ ದಿನವೇ ಗೋಪ್ಯತಾ ಒಪ್ಪಂದಕ್ಕೆ ಸಹಿ ಮಾಡಬೇಕಾಗುವುದು ಸಾಮಾನ್ಯ. ಅದರ ಅರ್ಥವೇನು, ಅದರ ಹಿಂದಿರುವ ಕಾನೂನು ಯಾವುದು, ಅದರ ಮಿತಿ ಎಲ್ಲಿಯವರೆಗೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ಇದೇ ತಿಳಿವಳಿಕೆಯು ಜಿಲ್ಲೆಯ ನೇಕಾರರಿಗೂ ಆಟಿಕೆ ತಯಾರಕರಿಗೂ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ನೀಡಲಾಗಿದೆ.

ಕರ್ನಾಟಕದಲ್ಲಿ ಗೇಮ್ ತಯಾರಿಕೆ

ಭಾರತದ ಮೊದಲ ಗೇಮ್ ತಯಾರಿಕಾ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಶ್ರೀ ರಾಜೇಶ್ ರಾವ್ ಅವರು ಇದರ ಸ್ಥಾಪಕರು. ವಿದೇಶಿ ಸಂಸ್ಥೆಗಳ ಗೇಮ್‌ಗಳಿಗೆ ಬೇಕಾದ ವಾಹನ, ಕಟ್ಟಡ, ಪಾತ್ರ ಮುಂತಾದವುಗಳ ಚಿತ್ರರೂಪಗಳನ್ನು ಸಿದ್ಧಪಡಿಸಿಕೊಡುವುದು ಇದರ ಮುಖ್ಯ ಕಾರ್ಯವಾಗಿತ್ತು. ಗ್ರ್ಯಾಂಡ್ ಥೆಫ್ಟ್ ಆಟೋ ಗೇಮ್ ಸರಣಿಯ ತಯಾರಕರಾದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯು 2019ರಲ್ಲಿ ಧ್ರುವ ಸಂಸ್ಥೆಯನ್ನು ಖರೀದಿಸಿ, ಬೆಂಗಳೂರಿನಲ್ಲಿದ್ದ ತನ್ನ ಶಾಖೆಯಾದ ರಾಕ್‌ಸ್ಟಾರ್ ಇಂಡಿಯಾದೊಂದಿಗೆ ವಿಲೀನಗೊಳಿಸಿತು.

ಈ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಆನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳನ್ನು ಒಳಗೊಂಡ ಮೊದಲ ನೀತಿಯು 2012ರಲ್ಲಿ ಜಾರಿಗೆ ಬಂದಿತು. 2024ರಿಂದ 2029ರವರೆಗಿನ ಅವಧಿಗೆ ಹೊಸ ನೀತಿಯನ್ನು ರೂಪಿಸಲಾಗಿದೆ.

ಇತರರ ಗೇಮ್‌ಗಾಗಿ ಕೆಲಸ ಮಾಡುವ ಸಂಸ್ಥೆಗೆ ನಂಬಿಕೆಯೇ ಬಂಡವಾಳ. ಎಲ್ಲೋ ಒಂದು ಚಿತ್ರ ಸೋರಿಕೆಯಾದರೆ ನಷ್ಟವಾಗುವುದು ಗೇಮ್‌ನ ಮಾಲೀಕರಿಗೆ ಮಾತ್ರವಲ್ಲ. ಕೆಲಸ ವಹಿಸಿಕೊಂಡ ಸಂಸ್ಥೆಗೆ ಮುಂದಿನ ಕೆಲಸ ದೊರೆಯುವುದೂ ಕಷ್ಟವಾಗಬಹುದು.

ಗೋಪ್ಯತೆ ಏಕೆ ಬೇಕು

ಗೋಪ್ಯತೆಯನ್ನು ಕಾಯ್ದುಕೊಳ್ಳುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

1. ಅಪೂರ್ಣ ಕೆಲಸದ ಬಗ್ಗೆ ತಪ್ಪು ತೀರ್ಮಾನ. ತಯಾರಿಕೆಯ ಹಂತದಲ್ಲಿರುವ ಗೇಮ್‌ನಲ್ಲಿ ಬಣ್ಣ ತುಂಬದ ಗೋಡೆಗಳು, ತಾತ್ಕಾಲಿಕ ಧ್ವನಿಗಳು ಮತ್ತು ಅರೆಬರೆ ಚಲನೆಗಳು ಇರುತ್ತವೆ. ಅದನ್ನು ಕಂಡ ಗ್ರಾಹಕರು ಅದನ್ನೇ ಪೂರ್ಣರೂಪವೆಂದು ಭಾವಿಸುವ ಸಂಭವವಿರುತ್ತದೆ.

2. ಯೋಜನೆಗಳ ಬದಲಾವಣೆ. ತಯಾರಿಕೆಯ ಅವಧಿಯಲ್ಲಿ ಎಷ್ಟೋ ಅಂಶಗಳನ್ನು ಕೈಬಿಡಲಾಗುತ್ತದೆ. ಮೊದಲೇ ಬಹಿರಂಗವಾದ ಅಂಶವು ಕೊನೆಯಲ್ಲಿ ಇಲ್ಲದಿದ್ದರೆ, ಸಂಸ್ಥೆಯು ಎಂದೂ ನೀಡದ ಭರವಸೆಯನ್ನು ಮುರಿದ ಆರೋಪಕ್ಕೆ ಗುರಿಯಾಗುತ್ತದೆ.

3. ಕಥೆಯ ಕುತೂಹಲ. ಕಥೆಯ ತಿರುವುಗಳು ಮೊದಲೇ ತಿಳಿದುಹೋದರೆ ಆಟಗಾರರ ಆಸಕ್ತಿ ಕುಂದಬಹುದು.

4. ಭದ್ರತೆ. ಗೇಮ್‌ನ ಸೋರ್ಸ್ ಕೋಡ್ ಹೊರಬಿದ್ದರೆ ಅದರಲ್ಲಿರುವ ದೋಷಗಳನ್ನು ಬಳಸಿಕೊಂಡು ಆನ್‌ಲೈನ್ ಆಟದಲ್ಲಿ ಮೋಸ ಮಾಡುವುದಕ್ಕೆ ಅವಕಾಶವಾಗುತ್ತದೆ.

ಸೋರಿಕೆಯ ಕೆಲವು ನಿದರ್ಶನಗಳು

2003ರಲ್ಲಿ ಅಮೆರಿಕದ ವಾಲ್ವ್ ಸಂಸ್ಥೆಯ ಹಾಫ್-ಲೈಫ್ 2 ಗೇಮ್‌ನ ಸೋರ್ಸ್ ಕೋಡ್ ಬಿಡುಗಡೆಗೆ ಮೊದಲೇ ಅಂತರ್ಜಾಲದಲ್ಲಿ ಹರಡಿತು. ಜರ್ಮನಿಯ ಯುವಕನೊಬ್ಬ ಸಂಸ್ಥೆಯ ಗಣಕಜಾಲವನ್ನು ಅಕ್ರಮವಾಗಿ ಪ್ರವೇಶಿಸಿದ್ದನು. 2003ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗಬೇಕೆಂದು ಪ್ರಕಟಿಸಲಾಗಿದ್ದ ಆ ಗೇಮ್ 2004ರ ನವೆಂಬರ್‌ನಲ್ಲಿ ಹೊರಬಂದಿತು.

2022ರ ಸೆಪ್ಟೆಂಬರ್ 18ರಂದು ರಾಕ್‌ಸ್ಟಾರ್ ಸಂಸ್ಥೆಯ ಮುಂಬರುವ ಗ್ರ್ಯಾಂಡ್ ಥೆಫ್ಟ್ ಆಟೋ 6 ಗೇಮ್‌ನ ತಯಾರಿಕಾ ಹಂತದ ಸುಮಾರು 90 ವೀಡಿಯೊ ತುಣುಕುಗಳು ಅಂತರ್ಜಾಲದಲ್ಲಿ ಕಾಣಿಸಿಕೊಂಡವು. ಮರುದಿನ ಸಂಸ್ಥೆಯು ಸೋರಿಕೆಯನ್ನು ಒಪ್ಪಿಕೊಂಡಿತು. ಈ ಕೃತ್ಯ ಎಸಗಿದವನು ಬ್ರಿಟನ್ನಿನ ಒಬ್ಬ ಹದಿಹರೆಯದ ಯುವಕ. ಬೇರೊಂದು ಪ್ರಕರಣದಲ್ಲಿ ಜಾಮೀನಿನ ಮೇಲಿದ್ದ ಆತ ಹೋಟೆಲ್ ಕೋಣೆಯ ದೂರದರ್ಶನ ಪರದೆ, ಅದಕ್ಕೆ ಜೋಡಿಸುವ ಒಂದು ಸಣ್ಣ ಸಾಧನ ಮತ್ತು ಮೊಬೈಲ್ ದೂರವಾಣಿಯನ್ನು ಬಳಸಿ ಇದನ್ನು ನಡೆಸಿದ್ದನೆಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ಸರಿಪಡಿಸುವ ಕಾರ್ಯಕ್ಕೆ 50 ಲಕ್ಷ ಡಾಲರ್ ಹಾಗೂ ಸಿಬ್ಬಂದಿಯ ಸಾವಿರಾರು ಗಂಟೆಗಳು ವ್ಯಯವಾದವೆಂದು ಸಂಸ್ಥೆಯು ಹೇಳಿತು. 2023ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ಆತನನ್ನು ಅನಿರ್ದಿಷ್ಟ ಅವಧಿಗೆ ಭದ್ರತಾ ಚಿಕಿತ್ಸಾಲಯದಲ್ಲಿ ಇರಿಸಲು ಆದೇಶಿಸಿತು. ಅದೇ ತಿಂಗಳಲ್ಲಿ ಗೇಮ್‌ನ ಮೊದಲ ಪ್ರಚಾರಚಿತ್ರವೂ ನಿಗದಿತ ಸಮಯಕ್ಕೆ ಮೊದಲೇ ಸೋರಿಕೆಯಾದ ಕಾರಣ ಸಂಸ್ಥೆಯು ಅದನ್ನು ಅವಧಿಗೆ ಮುನ್ನವೇ ಪ್ರಕಟಿಸಬೇಕಾಯಿತು.

2023ರ ಡಿಸೆಂಬರ್‌ನಲ್ಲಿಯೇ ಅಮೆರಿಕದ ಇನ್ಸಾಮ್ನಿಯಾಕ್ ಗೇಮ್ಸ್ ಸಂಸ್ಥೆಯ ಕಡತಗಳನ್ನು ಅಪಹರಿಸಿದ ತಂಡವೊಂದು ಹಣಕ್ಕೆ ಬೇಡಿಕೆ ಇಟ್ಟು, ಹಣ ದೊರೆಯದಿದ್ದಾಗ 13 ಲಕ್ಷಕ್ಕೂ ಹೆಚ್ಚು ಕಡತಗಳನ್ನು ಬಹಿರಂಗಪಡಿಸಿತು. ಅದರಲ್ಲಿ ಮುಂಬರುವ ಗೇಮ್‌ನ ವಿವರಗಳ ಜೊತೆಗೆ ನೌಕರರ ಪಾಸ್‌ಪೋರ್ಟ್‌ನಂತಹ ಖಾಸಗಿ ದಾಖಲೆಗಳೂ ಸೇರಿದ್ದವು. ಸೋರಿಕೆಯನ್ನು ಮನರಂಜನೆಯೆಂದು ಭಾವಿಸಿ ಹಂಚಿಕೊಳ್ಳುವವರು ಗಮನಿಸಬೇಕಾದ ಸಂಗತಿ ಇದು. ಅಂತಹ ಕಡತಗಳೊಡನೆ ಸಾಮಾನ್ಯ ನೌಕರರ ಬದುಕಿನ ವಿವರಗಳೂ ಬೀದಿಗೆ ಬೀಳುತ್ತವೆ.

ಸೋರಿಕೆಯಿಂದ ಜನರ ಆಸಕ್ತಿ ಸಂಪೂರ್ಣವಾಗಿ ಕುಸಿಯುತ್ತದೆ ಎಂದು ಹೇಳಲಾಗದು. ಮೇಲೆ ಹೇಳಿದ ರಾಕ್‌ಸ್ಟಾರ್ ಪ್ರಚಾರಚಿತ್ರವು ಮೊದಲ 24 ಗಂಟೆಗಳಲ್ಲಿ 9 ಕೋಟಿಗೂ ಹೆಚ್ಚು ಬಾರಿ ವೀಕ್ಷಿಸಲ್ಪಟ್ಟಿತು. ಆದರೆ ಪೋಲಾದ ದುಡಿಮೆ ಮತ್ತು ಒಡೆದ ನಂಬಿಕೆಗಳು ವೀಕ್ಷಕರ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಸಂಸ್ಥೆಗಳು ಅನುಸರಿಸುವ ಕ್ರಮಗಳು

ಅ) ಗುಪ್ತನಾಮ: ಗೇಮ್‌ನ ನಿಜವಾದ ಹೆಸರಿನ ಬದಲು ಬೇರೊಂದು ಹೆಸರನ್ನು ಒಳಗಿನ ಕಾಗದಪತ್ರಗಳಲ್ಲಿ ಬಳಸಲಾಗುತ್ತದೆ. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸಲ್ಲಿಸಿದ ಅರ್ಜಿಗಳನ್ನು ಸಾರ್ವಜನಿಕರು ನೋಡಬಹುದಾದ್ದರಿಂದ, ಹೆಸರಿನ ಅರ್ಜಿಯನ್ನು ಯಾವಾಗ ಸಲ್ಲಿಸಬೇಕು ಎಂಬುದನ್ನೂ ಯೋಚಿಸಿ ನಿರ್ಧರಿಸಲಾಗುತ್ತದೆ.

ಆ) ಸೀಮಿತ ಪ್ರವೇಶ: ಪ್ರತಿಯೊಬ್ಬ ನೌಕರನಿಗೆ ತನ್ನ ಕೆಲಸಕ್ಕೆ ಬೇಕಾದಷ್ಟು ಕಡತಗಳು ಮಾತ್ರ ಲಭ್ಯವಾಗುತ್ತವೆ. ಕಾರಿನ ಮಾದರಿ ಮಾಡುವವರಿಗೆ ಕಥೆಯ ಅಂತ್ಯ ತಿಳಿದಿರಬೇಕಾಗಿಲ್ಲ.

ಇ) ಗುರುತು ಹಾಕುವಿಕೆ: ಹೊರಗಿನವರಿಗೆ ನೀಡುವ ಪ್ರತಿಗಳಲ್ಲಿ ಕಣ್ಣಿಗೆ ಕಾಣುವ ಅಥವಾ ಕಾಣದ ಗುರುತುಗಳನ್ನು ಹಾಕಲಾಗುತ್ತದೆ. ಸೋರಿಕೆಯಾದ ಪ್ರತಿ ಯಾರ ಕೈಯಿಂದ ಹೋಯಿತೆಂಬುದು ಇದರಿಂದ ತಿಳಿಯುತ್ತದೆ.

ಈ) ನಿರ್ಬಂಧಿತ ಸ್ಥಳ: ಪರೀಕ್ಷಾರ್ಥ ಆಟದ ಕೋಣೆಗಳಿಗೆ ಮೊಬೈಲ್ ಮತ್ತು ಕ್ಯಾಮೆರಾಗಳನ್ನು ಒಯ್ಯಲು ಅವಕಾಶ ನೀಡುವುದಿಲ್ಲ.

ಉ) ಪ್ರಕಟಣಾ ನಿರ್ಬಂಧ: ವಿಮರ್ಶಕರಿಗೆ ಗೇಮ್ ಅನ್ನು ಮುಂಚಿತವಾಗಿ ನೀಡಿ, ನಿಗದಿತ ದಿನ ಮತ್ತು ಗಂಟೆಯವರೆಗೆ ವಿಮರ್ಶೆಯನ್ನು ಪ್ರಕಟಿಸದಂತೆ ಕೋರಲಾಗುತ್ತದೆ.

ಊ) ಗೋಪ್ಯತಾ ಒಪ್ಪಂದ: ನೌಕರರು, ಗುತ್ತಿಗೆದಾರರು, ಧ್ವನಿ ನೀಡುವ ಕಲಾವಿದರು ಮತ್ತು ಪರೀಕ್ಷಕರು ಲಿಖಿತ ಒಪ್ಪಂದಕ್ಕೆ ಸಹಿ ಮಾಡುತ್ತಾರೆ.

ಕಾನೂನಿನ ಸ್ಥಿತಿ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯೆಂದು ಪರಿಗಣಿತವಾಗುತ್ತದೆ. ಗೇಮ್‌ನ ಚಿತ್ರ, ಸಂಗೀತ ಮತ್ತು ಸಂಭಾಷಣೆಗಳಿಗೂ ರಕ್ಷಣೆ ಇದೆ. ಆದರೆ ಈ ಕಾನೂನು ಅಭಿವ್ಯಕ್ತಿಯನ್ನು ರಕ್ಷಿಸುತ್ತದೆಯೇ ಹೊರತು ಆಲೋಚನೆಯನ್ನಲ್ಲ. ಆಲೋಚನೆ, ವಿಷಯವಸ್ತು ಮತ್ತು ಕಥೆಯ ಎಳೆಗೆ ಕೃತಿಸ್ವಾಮ್ಯ ಇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ 1978ರಲ್ಲಿ ಹೇಳಿದೆ.

ಗೋಪ್ಯತೆಯ ಮಹತ್ವ ಇರುವುದು ಇಲ್ಲಿಯೇ. ಗೇಮ್‌ನ ಮೂಲ ಕಲ್ಪನೆಯನ್ನು ಕಂಡುಕೊಂಡ ಮತ್ತೊಬ್ಬರು ತಮ್ಮದೇ ಚಿತ್ರ ಮತ್ತು ಪ್ರೋಗ್ರಾಂ ಬಳಸಿ ಬೇರೆ ಗೇಮ್ ರೂಪಿಸಿದರೆ ಕೃತಿಸ್ವಾಮ್ಯದ ಕಾನೂನು ನೆರವಿಗೆ ಬರುವುದು ಕಷ್ಟ. ಕಲ್ಪನೆಯು ಕೃತಿಯಾಗಿ ಜನರ ಮುಂದೆ ನಿಲ್ಲುವವರೆಗಿನ ಅವಧಿಯಲ್ಲಿ ಗೋಪ್ಯತೆಯೇ ಅದರ ಮುಖ್ಯ ಕಾವಲು.

ವಿಶ್ವಾಸವಿಟ್ಟು ತಿಳಿಸಿದ, ಸಾಕಷ್ಟು ರೂಪುಗೊಂಡ ಕಲ್ಪನೆಗೆ ನ್ಯಾಯಾಲಯಗಳು ರಕ್ಷಣೆ ನೀಡಿರುವುದುಂಟು. ದೂರದರ್ಶನ ಧಾರಾವಾಹಿಯೊಂದರ ಪರಿಕಲ್ಪನೆಗೆ ಸಂಬಂಧಿಸಿದ ಜೀ ಟೆಲಿಫಿಲ್ಮ್ಸ್ ವಿರುದ್ಧ ಸಂಡಿಯಲ್ ಕಮ್ಯುನಿಕೇಷನ್ಸ್ ಪ್ರಕರಣದಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು 2003ರಲ್ಲಿ ಇಂತಹ ನಿಲುವು ತಳೆಯಿತು. ತನ್ನ ಕಲ್ಪನೆಯನ್ನು ಗೋಪ್ಯವಾಗಿಯೇ ತಿಳಿಸಲಾಗಿತ್ತು ಎಂಬುದಕ್ಕೆ ಆಧಾರ ಇರುವವರಿಗೆ ಈ ದಾರಿ ತೆರೆದಿರುತ್ತದೆ. ಆದುದರಿಂದ ಬರಹದಲ್ಲಿ ದಾಖಲಿಸುವುದು ಅಗತ್ಯ.

ವ್ಯಾಪಾರ ರಹಸ್ಯಗಳ ರಕ್ಷಣೆಗೆಂದೇ ಭಾರತದಲ್ಲಿ ಪ್ರತ್ಯೇಕ ಅಧಿನಿಯಮವಿಲ್ಲದ ಸ್ಥಿತಿಯನ್ನು ಪರಿಶೀಲಿಸಿದ 22ನೆಯ ಕಾನೂನು ಆಯೋಗವು 2024ರ ಮಾರ್ಚ್‌ನಲ್ಲಿ ಸಲ್ಲಿಸಿದ ತನ್ನ 289ನೆಯ ವರದಿಯಲ್ಲಿ ಅಂತಹ ಅಧಿನಿಯಮವನ್ನು ಶಿಫಾರಸು ಮಾಡಿದೆ. ಭಾರತೀಯ ಕರಾರು ಅಧಿನಿಯಮ, 1872 ಮತ್ತು ನ್ಯಾಯಾಲಯಗಳ ತೀರ್ಪುಗಳು ಈ ವಿಷಯದಲ್ಲಿ ಆಧಾರವಾಗಿ ಬಂದಿವೆ.

ಗಣಕಯಂತ್ರವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು ಮತ್ತು ಮಾಹಿತಿಯನ್ನು ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೆಯ ಕಲಮಿನ ಅಡಿಯಲ್ಲಿ ಪರಿಹಾರಕ್ಕೆ ಕಾರಣವಾಗುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೆಯ ಕಲಮಿನ ಅಡಿಯಲ್ಲಿ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಗೋಪ್ಯತೆಯ ಮಿತಿಗಳು

ಗೋಪ್ಯತೆಯ ಹೆಸರಿನಲ್ಲಿ ಎಲ್ಲವನ್ನೂ ಮುಚ್ಚಿಡಲು ಅವಕಾಶವಿಲ್ಲ. ಉದ್ಯೋಗಕ್ಕೆ ಸೇರುವವರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಕರಾರು ಅಧಿನಿಯಮದ 27ನೆಯ ಕಲಮಿನ ಪ್ರಕಾರ ಒಬ್ಬರ ಕಾನೂನುಬದ್ಧ ವೃತ್ತಿಯನ್ನು ತಡೆಯುವ ಕರಾರು ಸಾಮಾನ್ಯವಾಗಿ ಅಸಿಂಧು. ಕೆಲಸ ಬಿಟ್ಟ ನಂತರ ಹಿಂದಿನ ಸಂಸ್ಥೆಯ ರಹಸ್ಯಗಳನ್ನು ಬಳಸುವಂತಿಲ್ಲ. ಆದರೆ ಕಲಿತ ಕೌಶಲವನ್ನು ಬೇರೆಡೆ ಬಳಸಿ ಜೀವನ ನಡೆಸುವ ಹಕ್ಕು ನೌಕರನಿಗೆ ಇರುತ್ತದೆ.

2. ವೇತನ ಬಾಕಿ, ಕಿರುಕುಳ ಅಥವಾ ಕಾನೂನು ಉಲ್ಲಂಘನೆಯ ಬಗ್ಗೆ ಸಕ್ಷಮ ಪ್ರಾಧಿಕಾರಕ್ಕೆ ದೂರು ನೀಡುವುದು ಗೇಮ್‌ನ ರಹಸ್ಯವನ್ನು ಬಯಲು ಮಾಡಿದಂತಲ್ಲ.

3. ಬಿಡುಗಡೆಯ ನಂತರ ತಾನು ಮಾಡಿದ ಕೆಲಸವನ್ನು ಮಾದರಿಯಾಗಿ ತೋರಿಸಬಹುದೇ, ಗೇಮ್‌ನ ಕೊನೆಯಲ್ಲಿ ತನ್ನ ಹೆಸರು ನಮೂದಾಗುವುದೇ ಎಂಬುದನ್ನು ಸಹಿ ಮಾಡುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು. ಹಲವು ವರ್ಷ ದುಡಿದೂ ತೋರಿಸಲು ಒಂದು ಚಿತ್ರವಿಲ್ಲದಿದ್ದರೆ ಮುಂದಿನ ಉದ್ಯೋಗಕ್ಕೆ ತೊಡಕಾಗುತ್ತದೆ.

4. ಒಪ್ಪಂದದ ಒಂದು ಪ್ರತಿಯನ್ನು ತಪ್ಪದೆ ಪಡೆದು ಇಟ್ಟುಕೊಳ್ಳಬೇಕು. ಯಾವುದು ಗೋಪ್ಯ, ಎಲ್ಲಿಯವರೆಗೆ ಗೋಪ್ಯ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು.

ಈ ಮಿತಿ ಎಲ್ಲಿದೆ ಎಂಬುದು ವಿವಾದಕ್ಕೂ ಎಡೆಮಾಡಿದೆ. 2025ರ ಅಕ್ಟೋಬರ್ ಕೊನೆಯಲ್ಲಿ ರಾಕ್‌ಸ್ಟಾರ್ ಸಂಸ್ಥೆಯು ಬ್ರಿಟನ್ ಮತ್ತು ಕೆನಡಾದಲ್ಲಿ 30ಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದುಹಾಕಿತು. ಗೋಪ್ಯ ಮಾಹಿತಿಯನ್ನು ಹಂಚಿಕೊಂಡದ್ದೇ ಕಾರಣವೆಂದು ಸಂಸ್ಥೆಯು ತಿಳಿಸಿತು. ಕಾರ್ಮಿಕ ಸಂಘ ಕಟ್ಟುವುದನ್ನು ತಡೆಯುವುದೇ ಅದರ ಉದ್ದೇಶವಾಗಿತ್ತೆಂದು ಬ್ರಿಟನ್ನಿನ ಕಾರ್ಮಿಕ ಸಂಘವು ಆರೋಪಿಸಿತು. ಒಪ್ಪಂದದ ಮಾತುಗಳು ಅಸ್ಪಷ್ಟವಾಗಿದ್ದಷ್ಟೂ ಇಂತಹ ವಿವಾದಗಳು ಹೆಚ್ಚುವ ಸಂಭವವಿರುತ್ತದೆ.

ಕೊಪ್ಪಳ ಜಿಲ್ಲೆಯ ತಯಾರಕರಿಗೆ ಅನ್ವಯ

ಗೇಮ್ ಉದ್ಯಮವು ಕಲಿಸುವ ಪಾಠವು ಮಗ್ಗಕ್ಕೂ ಆಟಿಕೆಗೂ ಸಲ್ಲುತ್ತದೆ. ಜಿಲ್ಲೆಯ ಕಿನ್ನಾಳದ ಚಿತ್ರಗಾರ ಮನೆತನಗಳು ಮರದ ಆಟಿಕೆ ಮತ್ತು ಮೂರ್ತಿಗಳಿಗೆ ಪ್ರಸಿದ್ಧವಾಗಿದ್ದು, ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಭಾನಾಪುರದಲ್ಲಿ 400 ಎಕರೆ ಪ್ರದೇಶದ ಆಟಿಕೆ ತಯಾರಿಕಾ ಸಮುಚ್ಚಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ಭೌಗೋಳಿಕ ಸೂಚಕವು ಒಂದು ಊರಿನ ಕಲೆಯ ಹೆಸರನ್ನು ರಕ್ಷಿಸುತ್ತದೆ. ಒಬ್ಬ ಕುಶಲಕರ್ಮಿಯು ಹೊಸದಾಗಿ ರೂಪಿಸಿದ ಆಕಾರವನ್ನೋ ಸೀರೆಯ ಅಂಚನ್ನೋ ರಕ್ಷಿಸಲು ವಿನ್ಯಾಸಗಳ ಅಧಿನಿಯಮ, 2000 ಇದೆ.

ಈ ಅಧಿನಿಯಮದ 4ನೆಯ ಕಲಮಿನ ಪ್ರಕಾರ, ಅರ್ಜಿ ಸಲ್ಲಿಸುವುದಕ್ಕೆ ಮೊದಲು ಭಾರತದಲ್ಲಾಗಲಿ ಹೊರದೇಶದಲ್ಲಾಗಲಿ ಸಾರ್ವಜನಿಕವಾಗಿ ಬಹಿರಂಗವಾದ ವಿನ್ಯಾಸವನ್ನು ನೋಂದಾಯಿಸಲಾಗುವುದಿಲ್ಲ. ಬಹಿರಂಗಪಡಿಸಿದವರು ಸ್ವತಃ ಮಾಲೀಕರೇ ಆಗಿದ್ದರೂ ಇದು ಅನ್ವಯಿಸುತ್ತದೆ. ಸಂತೋಷದಿಂದ ಮೊಬೈಲ್‌ನಲ್ಲಿ ಹಂಚಿಕೊಂಡ ಒಂದು ಚಿತ್ರವೂ ಪ್ರಕಟಣೆಯೆಂದು ಪರಿಗಣಿತವಾಗಿ ಹಕ್ಕು ಕೈತಪ್ಪಬಹುದು. ಮೊದಲು ಅರ್ಜಿ, ನಂತರ ಪ್ರದರ್ಶನ ಎಂಬುದು ಇಲ್ಲಿ ಪಾಲಿಸಬೇಕಾದ ಕ್ರಮ.

ನೇಕಾರರಿಗೆ ವಿಶೇಷವಾಗಿ ಉಪಯುಕ್ತವಾದ ಅಂಶವೊಂದು 16ನೆಯ ಕಲಮಿನಲ್ಲಿದೆ. ನೋಂದಾಯಿಸಲು ಉದ್ದೇಶಿಸಿದ ಹೊಸ ಜವಳಿ ವಿನ್ಯಾಸದ ಸರಕಿಗೆ ಮೊದಲ ಬೇಡಿಕೆಯನ್ನು ಗೋಪ್ಯವಾಗಿ ಸ್ವೀಕರಿಸಿದರೆ ಅದು ವಿನ್ಯಾಸದ ಹಕ್ಕನ್ನು ಕೆಡಿಸುವ ಪ್ರಕಟಣೆಯೆನಿಸುವುದಿಲ್ಲ. ವಿಶ್ವಾಸವಿಟ್ಟು ತೋರಿಸಿದ ವಿನ್ಯಾಸವನ್ನು ನೋಡಿದವರು ನಂಬಿಕೆಗೆ ದ್ರೋಹ ಬಗೆದು ಬಹಿರಂಗಪಡಿಸಿದರೂ ಮಾಲೀಕರ ಹಕ್ಕಿಗೆ ಅದರಿಂದ ಚ್ಯುತಿ ಬರುವುದಿಲ್ಲ. ಆದರೆ ಗೋಪ್ಯವಾಗಿಯೇ ತೋರಿಸಲಾಯಿತೆಂಬುದನ್ನು ಸಾಬೀತುಪಡಿಸಲು ವ್ಯಾಪಾರಿಯಿಂದ ಒಂದು ಬರಹ ಪಡೆದಿರುವುದು ಕ್ಷೇಮ.

ಕೇಂದ್ರ ಸರ್ಕಾರವು ಅಧಿಸೂಚಿಸಿದ ವಸ್ತುಪ್ರದರ್ಶನಗಳಲ್ಲಿ ತೋರಿಸುವುದಾದರೆ, ನಿಯಂತ್ರಕರಿಗೆ ಮುಂಚಿತವಾಗಿ ಸೂಚನೆ ನೀಡಿ, ಮೊದಲು ಪ್ರದರ್ಶಿಸಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಿದಲ್ಲಿ 21ನೆಯ ಕಲಮಿನ ಅಡಿಯಲ್ಲಿ ರಕ್ಷಣೆ ದೊರೆಯುತ್ತದೆ. ನೋಂದಣಿಯ ಅವಧಿ 10 ವರ್ಷಗಳು. ಅದನ್ನು ಮತ್ತೆ 5 ವರ್ಷ ವಿಸ್ತರಿಸಬಹುದು. 2021ರ ತಿದ್ದುಪಡಿ ನಿಯಮಗಳಲ್ಲಿ ವೈಯಕ್ತಿಕ ಅರ್ಜಿದಾರರಿಗೆ ಮತ್ತು ಸಣ್ಣ ಘಟಕಗಳಿಗೆ ಅರ್ಜಿ ಶುಲ್ಕವನ್ನು 1,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಅರ್ಜಿಯನ್ನು ಆನ್‌ಲೈನ್ ಮೂಲಕವೂ ಸಲ್ಲಿಸಬಹುದು.

ಉಪಸಂಹಾರ

ಬಿಡುಗಡೆ ಪೂರ್ವ ಗೋಪ್ಯತೆಗೆ ಒಂದು ಕೊನೆಯ ದಿನವಿರುತ್ತದೆ. ಗೇಮ್ ಆಗಲಿ ಸೀರೆಯಾಗಲಿ ಜನರ ಕೈಸೇರಿದ ದಿನ ಅದರ ಉದ್ದೇಶ ಈಡೇರಿದಂತೆ. ಮನೆತನದೊಳಗೇ ಉಳಿದುಬಂದ ಕಸುಬಿನ ಜ್ಞಾನದ ವಿಷಯ ಇದಕ್ಕಿಂತ ಭಿನ್ನ. ಅಂತಹ ಜ್ಞಾನವನ್ನು ಯಾರಿಗೂ ಕಲಿಸದೆ ಮುಚ್ಚಿಟ್ಟರೆ ನಕಲು ಮಾಡುವವರಿಂದ ಅದು ಉಳಿದರೂ ಮರೆವಿನಿಂದ ಉಳಿಯಲಾರದು. ಆದಕಾರಣ ಹೊಸ ವಿನ್ಯಾಸವನ್ನು ಹಕ್ಕು ದೊರೆಯುವವರೆಗೆ ಕಾಯ್ದುಕೊಳ್ಳುವುದೂ, ಹಳೆಯ ಕೌಶಲವನ್ನು ಮುಂದಿನವರಿಗೆ ಕಲಿಸುವುದೂ ಜೊತೆಜೊತೆಯಾಗಿ ನಡೆಯಬೇಕಾದ ಕಾರ್ಯಗಳು.

ಗೋಪ್ಯತಾ ಒಪ್ಪಂದಕ್ಕೆ ಸಹಿ ಮಾಡುವವರು ಅದನ್ನು ಪೂರ್ಣವಾಗಿ ಓದಿ, ಅರ್ಥವಾಗದ ಅಂಶಗಳ ಬಗ್ಗೆ ವಕೀಲರ ಸಲಹೆ ಪಡೆಯುವುದು ಸೂಕ್ತ. ಹೊಸ ವಿನ್ಯಾಸ ರೂಪಿಸಿದ ನೇಕಾರರು ಮತ್ತು ಕುಶಲಕರ್ಮಿಗಳು ಅದನ್ನು ಮಾರುಕಟ್ಟೆಯಲ್ಲಿ ಅಥವಾ ಅಂತರ್ಜಾಲದಲ್ಲಿ ತೋರಿಸುವ ಮೊದಲು ನೋಂದಣಿಯ ಕುರಿತು ವಿಚಾರಿಸಿ ತಿಳಿದುಕೊಳ್ಳಬೇಕು. ಸೋರಿಕೆಯಾದ ಕಡತಗಳು ಕೈಗೆ ಬಂದಲ್ಲಿ ಸಾರ್ವಜನಿಕರು ಅವುಗಳನ್ನು ಇತರರಿಗೆ ಕಳುಹಿಸದಿರುವುದು ಕಾನೂನಿನ ದೃಷ್ಟಿಯಿಂದಲೂ, ಅದರ ಹಿಂದೆ ದುಡಿದವರ ದೃಷ್ಟಿಯಿಂದಲೂ ಉಚಿತವಾದುದು.